ಎಕ್ಕೆಗೆ ಒಂದು ತಂಬಿಗೆ ನೀರು

ಬೀದರ, ನೌಬಾದ ರಸ್ತೆ
೧೫ ಜುಲೈ ೧೯೫೬, ರವಿವಾರ

ಪ್ರೀತಿಯ ಸುಭದ್ರಕ್ಕ,

ಎಲ್ಲರೂ ಪತ್ರವನ್ನು ಕ್ಷೇಮದಿಂದ ಶುರು ಮಾಡುತ್ತಾರೆ, ನಾನು ಮರಗಳಿಂದ ಶುರು ಮಾಡುತ್ತೇನೆ, ನೀನು ಬೈದರೂ ಸರಿ. ಮದುವೆಯಾಗಿ ಎರಡು ತಿಂಗಳಾಯಿತು. ನನ್ನ ಜೋಳದ ರೊಟ್ಟಿ ಇನ್ನೂ ದುಂಡಗೆ ಬಂದಿಲ್ಲ, ಆದರೆ ನಮ್ಮ ರಸ್ತೆಯ ಒಂದೊಂದು ಮರವೂ ನನಗೆ ಗುರುತಾಗಿದೆ.

ಸಂಜೆ ಇವರು ತಹಸೀಲ ಕಚೇರಿಯಿಂದ ಬಂದು ಚಹಾ ಕುಡಿದ ಮೇಲೆ ನಾವಿಬ್ಬರೂ ತಿರುಗಾಡಲು ಹೊರಡುತ್ತೇವೆ. ಮೊದಲ ವಾರ ಇವರು ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದರು, ಕಚೇರಿಯ ಪೇಶ್ಕಾರರ ಘನತೆ ಅದು. ನಾನು ಬೇಕೆಂದೇ ಪ್ರತಿ ಮರದ ಕೆಳಗೂ ನಿಂತೆ. ನಿಂತಾಗೆಲ್ಲ ಇವರು ವಾಪಸ್ಸು ಬರಬೇಕಾಯಿತು. ಎಂಟನೆಯ ದಿನ, "ಮುಂದ ಹೋಗಿ ಹೊಳ್ಳಿ ಬರೂದಕ್ಕಿಂತ ಸಂಗಾಟ ನಡಿಯೂದೇ ಹಗುರ" ಎಂದು ಪಕ್ಕಕ್ಕೆ ಬಂದರು. ಅಂದಿನಿಂದ ಪಕ್ಕದಲ್ಲೇ ಇದ್ದಾರೆ. ಇಷ್ಟು ಸುಖವನ್ನು ಒಬ್ಬಳೇ ಎಲ್ಲಿ ಇಟ್ಟುಕೊಳ್ಳಲಿ, ಅದಕ್ಕೇ ನಿನಗೆ ಬರೆಯುತ್ತಿದ್ದೇನೆ.

ನಮ್ಮ ಮನೆ ದಾಟಿದ ಕೂಡಲೇ ಎರಡು ಹುಣಸೆ ಮರ, ರಸ್ತೆಯ ಆಚೆ ಈಚೆ ನಿಂತು ಮೇಲೆ ತಲೆ ಕೂಡಿಸಿವೆ. ಆಮೇಲೆ ಮುನ್ಸೀಫರ ಬಂಗಲೆ. ಅವರ ತೋಟವನ್ನು ನೀನು ನೋಡಬೇಕು. ಮೆಹಂದಿಯ ಬೇಲಿಯನ್ನು ಬ್ರೆಡ್ಡಿನಂತೆ ಚೌಕಾಗಿ ಕತ್ತರಿಸಿದ್ದಾರೆ. ಹೂವಿನ ಮಡಿಗಳ ಸುತ್ತ ಇಟ್ಟಿಗೆಗಳನ್ನು ಹಲ್ಲಿನ ಸಾಲಿನಂತೆ ಓರೆಯಾಗಿ ಹೂತು ಸುಣ್ಣ ಬಳಿದಿದ್ದಾರೆ. ಕೆಂಪು ಮುರುಮಿನ ದಾರಿ, ದಾರಿಯುದ್ದಕ್ಕೂ ಕ್ರೋಟನ್ ಕುಂಡಗಳು. ಅದರ ಎದುರಿಗೆ ಯಾರೂ ನೆಡದ, ಯಾರೂ ಕತ್ತರಿಸದ ಒಂದು ಬೇವಿನ ಮರ. ಮುನ್ಸೀಫರ ತೋಟವೆಲ್ಲ ಸೇರಿದರೂ ಆ ಮರದ ನೆರಳಿನಷ್ಟಾಗುವುದಿಲ್ಲ. ಹೈದರಾಬಾದಿನ ಶಾಲೆಯಲ್ಲಿ ನಮಗೆ ಓಕ್, ವಿಲ್ಲೋ, ಬರ್ಚ್ ಎಂದು ಬಾಯಿಪಾಠ ಮಾಡಿಸಿದ ಸಿಸ್ಟರುಗಳು ಬೇವಿನ ಹೆಸರನ್ನು ಒಂದು ಸಲವೂ ಎತ್ತಲಿಲ್ಲ.

ನಿನ್ನೆ ಆ ಬೇವಿನ ಕೆಳಗೆ ಇವರು ಸುಮ್ಮನೆ ನಿಂತುಬಿಟ್ಟರು. ಮೊದಲ ಹೆಂಡತಿ ಕೇಶರಬಾಯಿಯ ನೆನಪಾಗಿರಬೇಕು ಎಂದುಕೊಂಡೆ. ಲಗ್ನಕ್ಕೆ ಮುಂಚೆಯೇ ನೀನು ನನಗೆ ಹೇಳಿದ್ದು ಎಷ್ಟು ಒಳ್ಳೆಯದಾಯಿತು ನೋಡು. ಹೆರಿಗೆಯಲ್ಲಿ ಹೋದ ಆ ಹುಡುಗಿಯ ಮೇಲೆ ನನಗೆ ಎಂಥ ಹೊಟ್ಟೆಕಿಚ್ಚು? "ನನ್ನ ಮುಂದ ಆಕಿ ಸುದ್ದಿ ಮಾತಾಡ್ರಿ, ನಾ ಸಣ್ಣಾಕಿ ಅಲ್ಲ" ಎಂದೆ. ಇವರು ತಲೆ ಎತ್ತಿ ಮೇಲೆ ನೋಡಿದರು. "ಮಳಿ ಬರೂ ಹಂಗ ಅದ, ನಡಿ" ಎಂದರು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

ಇನ್ನೊಂದು ತಮಾಷೆ. ದಿನಾ ಬೆಳಿಗ್ಗೆ ಇವರು ತುಳಸಿಗೆ, ದಾಸವಾಳಕ್ಕೆ ನೀರು ಹಾಕುತ್ತಾರೆ, ಆಮೇಲೆ ಒಂದು ತಂಬಿಗೆ ತುಂಬಿಕೊಂಡು ಮೂಲೆಯ ಎಕ್ಕೆ ಗಿಡಕ್ಕೂ ಹಾಕುತ್ತಾರೆ. ಎಕ್ಕೆಗೆ ನೀರು ಹಾಕುವವರನ್ನು ನೀನು ಎಲ್ಲಾದರೂ ಕಂಡಿದ್ದೀಯಾ? ಶನಿವಾರ ಮಾರುತಿಗೆ ಎಲೆಯ ಹಾರ ಬೇಕಂತೆ. ಎರಡು ತಿಂಗಳಲ್ಲಿ ಒಂದು ಎಲೆಯನ್ನೂ ಕಿತ್ತಿಲ್ಲ. ಇಂಥ ಮೃದು ಮನುಷ್ಯನನ್ನು ಹುಡುಕಿ ಕೊಟ್ಟೆಯಲ್ಲ, ನಿನಗೆ ಏನು ಕೊಡಲಿ?

ನಿನ್ನ
ಮಂದಾ

•

ಔರಾದ
೨೨ ಜುಲೈ ೧೯೫೬

ನರಸಿಂಗರಾವ ಅವರಿಗೆ ನಮಸ್ಕಾರ.

ಇದನ್ನು ನಿಮ್ಮ ಕಚೇರಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಮಂದಾಳ ಕೈಗೆ ಸಿಗಬಾರದು.

ಅವಳ ಪತ್ರ ಬಂತು. ಓದಿ ಸಂತೋಷವಾಯಿತು, ಆಮೇಲೆ ನಿದ್ದೆ ಬರಲಿಲ್ಲ. ಯುಗಾದಿಯ ಹೊತ್ತಿಗೆ ನೀವು ನಮ್ಮ ಪಡಸಾಲೆಯಲ್ಲಿ ಕೂತು, "ಇಬ್ಬರನ್ನ ಕಳಕೊಂಡೇನಿ ಅಕ್ಕಾವ್ರ, ಇಬ್ಬರ ಸುದ್ದಿನೂ ಹುಡುಗಿಗೆ ಹೇಳ್ರಿ" ಎಂದಿರಿ. ತಡೆದವಳು ನಾನು. ಕೇಶರಬಾಯಿಯ ಹೆಸರೊಂದೇ ಸಾಕು, ಪುತಳಾಬಾಯಿಯ ಹೆಸರು ಬೇಡ ಎಂದೆ. ಅಪ್ಪ ಇಲ್ಲದ ಹುಡುಗಿ, ಇಪ್ಪತ್ತೆರಡು ತುಂಬಿತ್ತು, ಇಂಗ್ಲಿಷ್ ಓದಿದವಳು ಎಂದು ನಾಲ್ಕು ಮನೆಯವರು ಬಂದು ಹಿಂದೆ ಸರಿದಿದ್ದರು. ಮೂರನೆಯ ಸಂಬಂಧ ಎಂದರೆ ನಮ್ಮ ಸೋದರಮಾವನೇ ಒಪ್ಪುತ್ತಿರಲಿಲ್ಲ.

ಈಗ ಅವಳು ನನ್ನ ಬಾಯಲ್ಲಿ ಬಂದದ್ದೆಲ್ಲ ಸತ್ಯ ಎಂದು ನನ್ನನ್ನೇ ಹೊಗಳುತ್ತಾಳೆ. ತಡೆದುಕೊಳ್ಳಲು ಆಗುತ್ತಿಲ್ಲ. ಪುತಳಾಬಾಯಿಯ ವಿಷಯವನ್ನು ನೀವೇ ಹೇಳಿಬಿಡಿ. ದಸರೆಯೊಳಗೆ ಹೇಳಿ. ಬೇರೆಯವರಿಂದ ಕೇಳಿದರೆ ಅವಳು ನಮ್ಮಿಬ್ಬರನ್ನೂ ಮತ್ತೆ ನಂಬುವುದಿಲ್ಲ.

ಆ ಎಕ್ಕೆ ಇನ್ನೂ ಇದೆ ಎಂದು ಅವಳ ಪತ್ರದಿಂದಲೇ ತಿಳಿಯಿತು. ಮೂರನೆಯ ಹೆಂಡತಿಗೆ ಆಯುಷ್ಯವಿಲ್ಲ, ಆ ಮೂರನೆಯ ಜಾಗ ಗಿಡಕ್ಕೆ ಹೋಗಲಿ, ನಮ್ಮ ಹುಡುಗಿ ನಾಲ್ಕನೆಯವಳಾಗಿ ಬದುಕಲಿ ಎಂದೇ ಭಟ್ಟರು ಲಗ್ನದ ಹಿಂದಿನ ದಿನ ನಿಮ್ಮಿಂದ ಅದಕ್ಕೆ ತಾಳಿ ಕಟ್ಟಿಸಿದ್ದು. ಗಿಡ ಒಣಗಲಿ ಬಿಡಿ ಎಂದೂ ಹೇಳಿದ್ದರು. ಒಣಗಬೇಕಾದ ಗಿಡಕ್ಕೆ ದಿನಾ ನೀರು ಯಾಕೆ ಹಾಕುತ್ತೀರಿ?

ಸುಭದ್ರಾಬಾಯಿ

•

ಬೀದರ
೧೯ ಆಗಸ್ಟ್ ೧೯೫೬

ಅಕ್ಕ, ನನ್ನ ಅಕ್ಕ,

ನಿನ್ನಿಂದ ಒಂದು ಸಾಲೂ ಇಲ್ಲ, ಆದರೂ ಸಿಟ್ಟಿಲ್ಲ. ಸಿಟ್ಟಾಗಲು ಪುರುಸೊತ್ತಿಲ್ಲ, ನಾನು ತೋಟ ಮಾಡುತ್ತಿದ್ದೇನೆ.

ಮುನ್ಸೀಫರ ಬೇಲಿಯ ಮೇಲಿಂದ ಎಷ್ಟು ದಿನ ಇಣುಕುವುದು? ನಮ್ಮ ಅಂಗಳವನ್ನೇ ಲ್ಯಾಂಡ್‌ಸ್ಕೇಪ್ ಮಾಡಬೇಕು ಎಂದು ಕರೀಮ ಸಾಬರನ್ನು ಕರೆಸಿದೆ. ನಲವತ್ತು ವರ್ಷ ಸರಕಾರಿ ಬಂಗಲೆಗಳಲ್ಲಿ ಮಾಲಿಯಾಗಿದ್ದವರು. ಬಂದವರೇ ಕೇಳಿದರು: "ಲ್ಯಾಂಡಸ್ಕೇಪ ಅಂದ್ರ ಏನ್ರಿ ಬಾಯಿಸಾಹೇಬ್ರ, ತಿನ್ನೂದಾ ಮೂಸೂದಾ?"

"ನೋಡೂದು" ಎಂದೆ.

"ಹಂಗಾರ ಬಾಗು ಅನ್ರಿ, ತೋಟ ಅನ್ರಿ. ಬಾಗು ನನಗ ಬರ್ತದ. ಅದು ಬರಂಗಿಲ್ಲ."

ಹರಿಯಾಲಿ ಹುಲ್ಲನ್ನು ಗಡ್ಡೆ ಸಮೇತ ತಂದು ಸಾಲು ಸಾಲಾಗಿ ಊರಿದ್ದಾರೆ. ಮೊದಲ ದಿನ ಅದು ಅರ್ಧ ಬೋಳಿಸಿದ ತಲೆಯಂತಿತ್ತು, ಎರಡು ಮಳೆ ಬಿದ್ದ ಮೇಲೆ ಈಗ ಹಸಿರು ಕಂಬಳಿ. ಬೇಲಿಗೆ ಮೆಹಂದಿ ಕಡ್ಡಿ ನೆಟ್ಟಾಗಿದೆ. ಇನ್ನು ಅಂಗಳದ ಪೂರ್ವ ಮೂಲೆಯಲ್ಲಿ ಒಂದು ದುಂಡನೆಯ ಮಡಿ, ಅದರ ತುಂಬ ಗುಲಾಬಿ. ಆ ಮಡಿ ಬರಬೇಕಾದ ಜಾಗದ ನಟ್ಟ ನಡುವೆ ಎಕ್ಕೆ ನಿಂತಿದೆ.

ಕರೀಮ ಸಾಬರಿಗೆ ಕೀಳಲು ಹೇಳಿದರೆ ಗುದ್ದಲಿ ಕೆಳಗಿಟ್ಟರು. "ಸಾಹೇಬ್ರ ಹುಕುಂ ಇಲ್ಲರಿ."

"ಕಾಡ ಗಿಡ ಅಲ್ಲೇನ್ರಿ ಅದು?"

"ಕಾಡ ಗಿಡಾನೇ. ಆದ್ರ ನಾ ಕೈ ಹಚ್ಚಂಗಿಲ್ಲ. ಬ್ಯಾರೆ ಏನರ ಹೇಳ್ರಿ, ಆ ಹುಣಸಿ ಮರ ಕೀಳು ಅನ್ರಿ, ಕೀಳ್ತೇನಿ."

ವಯಸ್ಸಾದವರ ಸೋಮಾರಿತನಕ್ಕೂ ಒಂದು ಗತ್ತು ಇರುತ್ತದೆ. ಎಕ್ಕೆಯ ಕೊಂಬೆಗೆ ಯಾವುದೋ ಅರಿಸಿನದ ದಾರ ಸುತ್ತಿಕೊಂಡು ಬಿಸಿಲಿಗೆ ಬೆಳ್ಳಗಾಗಿತ್ತು. ಗಾಳಿಪಟದ್ದಿರಬೇಕು ಎಂದು ಬಿಚ್ಚಿ ಎಸೆದೆ.

ನವೆಂಬರಿನಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರುತ್ತದೆಯಂತೆ. ಇಷ್ಟು ವರ್ಷ ಉರ್ದುವಿನಲ್ಲಿ ಕಾಗದಪತ್ರ ಬರೆದವರೆಲ್ಲ ಇನ್ನು ಕನ್ನಡದಲ್ಲಿ ಬರೆಯಬೇಕು. ಇವರಿಗೆ ಓದಲು ಬರುತ್ತದೆ, ಬರೆಯಲು ಕೈ ಏಳುವುದಿಲ್ಲ. ಆದ್ದರಿಂದ ದಿನಾ ಊಟಕ್ಕೆ ಮುಂಚೆ ನಾನು ಹೇಳುತ್ತೇನೆ, ಇವರು ಬರೆಯುತ್ತಾರೆ. ನಿನ್ನೆ "ನನ್ನ ಹೆಂಡತಿ ಬಹಳ ಚೆಲುವೆ" ಎಂದು ಬರೆಸಿದೆ. ಮೂರು ತಪ್ಪು ಮಾಡಿದರು, ಮೂರು ಸಲ ಬರೆಸಿದೆ. ಮೂರನೆಯ ಸಲ ಬರೆಯುವಾಗ ಇವರ ಕಣ್ಣಲ್ಲಿ ನೀರಿತ್ತು. ನಕ್ಕು ನಕ್ಕು ಬಂದದ್ದು ಎಂದರು. ನಗುವ ಸದ್ದು ನನಗೆ ಕೇಳಿಸಲೇ ಇಲ್ಲ.

ಮಂದಾ

•

ಔರಾದ
೨೬ ಆಗಸ್ಟ್ ೧೯೫೬

ಚಿರಂಜೀವಿ ಮಂದಾಗೆ ಆಶೀರ್ವಾದ.

ಪತ್ರ ಮುಟ್ಟಿತು. ಇಲ್ಲಿ ಹೆಸರುಕಾಯಿ ಬಿಡಿಸುವ ಗಡಿಬಿಡಿ, ಅದಕ್ಕೇ ಬರೆಯಲಾಗಲಿಲ್ಲ. ನಿಮ್ಮ ಭಾವನವರು ಆರಾಮಾಗಿದ್ದಾರೆ.

ಗುಲಾಬಿಯನ್ನು ಬಾಗಿಲ ಮುಂದೆ ಹಾಕಿಕೋ. ಎಕ್ಕೆಯ ಸಮೀಪ ಹೋಗಬೇಡ. ಅದು ಮಾರುತಿಯ ಗಿಡ, ಅವರು ಹಾಗೆ ಹೇಳಿದ್ದಾರಲ್ಲ. ಗಂಡಸರ ಮನಸ್ಸಿನಲ್ಲಿ ಒಂದೊಂದು ಇರುತ್ತದೆ. ಅವರು ನಿನಗೆ ಏನಾದರೂ ಹೇಳಲು ಬಂದರೆ ಅರ್ಧಕ್ಕೆ ತಡೆಯದೆ ಪೂರಾ ಕೇಳು. ನಿನಗೆ ನಡುವೆ ಬಾಯಿ ಹಾಕುವ ಚಟ ಇದೆ.

ನಿನ್ನ
ಸುಭದ್ರಕ್ಕ

•

ಬೀದರ
೨೮ ಸೆಪ್ಟೆಂಬರ್ ೧೯೫೬

ಪ್ರೀತಿಯ ಅಕ್ಕ,

ಇವತ್ತು ಮನೆಯಲ್ಲಿ ನಾನೊಬ್ಬಳೇ. ಪಿತೃಪಕ್ಷದ ನವಮಿಗೆ ಇವರು ಭಾಲ್ಕಿಗೆ ಹೋಗಿದ್ದಾರೆ, ಅತ್ತೆಯ ಮನೆಗೆ. ಮುತ್ತೈದೆಯಾಗಿ ಹೋದವರ ಹೆಸರಿನಲ್ಲಿ ಅಂದು ಒಬ್ಬ ಮುತ್ತೈದೆಗೆ ಊಟ ಹಾಕಿ ಉಡಿ ತುಂಬುತ್ತಾರಲ್ಲ, ಕೇಶರಬಾಯಿಯ ಹೆಸರಿಗೆ ವರ್ಷವರ್ಷ ತಪ್ಪದೆ ಮಾಡುತ್ತಾರಂತೆ. ನಾನೂ ಬರುತ್ತೇನೆ ಎಂದೆ. ಬೇಡ ಎಂದರು.

ಒಂದು ಗುಟ್ಟು ಹೇಳುತ್ತೇನೆ. ಇವರ ಚೀಲದಲ್ಲಿ ಅರಿವೆ ಇಡುವಾಗ ಕುಪ್ಪಸದ ಎರಡು ಹಸಿರು ಖಣ ಕಂಡೆ. ಎರಡೂ ಒಂದೇ ಅಂಗಡಿಯವು, ಒಂದೇ ಅಂಚಿನವು. ಒಂದು ಆ ಮುತ್ತೈದೆಗೆ. ಇನ್ನೊಂದು ಯಾರಿಗೆ? ಮಾವ ಹೋದ ಮೇಲೆ ಅತ್ತೆಗೆ ಹಸಿರು ಖಣ ನಡೆಯುವುದಿಲ್ಲ. ಎರಡು ನಿಮಿಷ ಯೋಚಿಸಿದೆ, ಆಮೇಲೆ ಹೊಳೆಯಿತು, ನನಗೇ. ದಸರೆಗೆ ಕೊಡಲು ಬಚ್ಚಿಟ್ಟಿದ್ದಾರೆ. ಏನೂ ಕಾಣದವಳ ಹಾಗೆ ಚೀಲ ಕಟ್ಟಿಕೊಟ್ಟೆ, ನಗು ತಡೆಯುವುದೇ ಕಷ್ಟವಾಯಿತು.

ಅವರು ನನಗೆ ಗುಟ್ಟಾಗಿ ತಂದರೆ ನಾನು ಸುಮ್ಮನಿರಬೇಕೇ? ಗುಲಾಬಿ ಕಡ್ಡಿ ಹನ್ನೆರಡು ತರಿಸಿದ್ದೇನೆ. ಎರಡು ತಿಂಗಳಿಂದ ಆ ಎಕ್ಕೆ ಕಾಲಿಗೆ ಚುಚ್ಚಿದ ಮುಳ್ಳಿನಂತೆ ನನ್ನ ಗುಲಾಬಿ ಮಡಿಯ ಜಾಗದಲ್ಲಿ ನಿಂತಿದೆ. ಕರೀಮ ಸಾಬರು ಮುಟ್ಟದಿದ್ದರೆ ನನಗೂ ಎರಡು ಕೈ ಇವೆ. ನಾಳೆ ಬೆಳಿಗ್ಗೆ ಕಿತ್ತು, ದುಂಡನೆಯ ಮಡಿ ಮಾಡಿ, ಸುಣ್ಣ ಬಳಿದು, ರವಿವಾರ ಇವರು ಟಾಂಗಾ ಇಳಿದು ನೋಡುವ ಹೊತ್ತಿಗೆ ಅಲ್ಲಿ ಗುಲಾಬಿ ಇರಬೇಕು. ಮಾರುತಿಗೆ ಎಲೆ ಬೇಕಾದರೆ ರಸ್ತೆಯುದ್ದಕ್ಕೂ ಎಕ್ಕೆ ಇದೆ.

ನೀನು ಬೇಡ ಎಂದಿದ್ದು ನೆನಪಿದೆ. ಈ ಪತ್ರ ನಿನ್ನ ಕೈ ಸೇರುವುದರೊಳಗೆ ಕೆಲಸ ಮುಗಿದಿರುತ್ತದೆ, ಆದ್ದರಿಂದ ಬೈದು ಪ್ರಯೋಜನವಿಲ್ಲ.

ನಿನ್ನ ಹಟಮಾರಿ
ಮಂದಾ

•

ಬೀದರ
೯ ಅಕ್ಟೋಬರ್ ೧೯೫೬

ಪ್ರೀತಿಯ ಅಕ್ಕ,

ಅಕ್ಷರ ನೋಡಿ ಗಾಬರಿಯಾಗಬೇಡ. ಇದು ಇವರ ಕೈ. ನಾನು ಹೇಳುತ್ತಿದ್ದೇನೆ, ಇವರು ಬರೆಯುತ್ತಿದ್ದಾರೆ. ಮೈಸೂರು ಸರಕಾರದ ಕನ್ನಡಕ್ಕೆ ಒಳ್ಳೆಯ ಅಭ್ಯಾಸ.

ನನ್ನ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದಾರೆ. ಎಕ್ಕೆಯ ಬೇರು ಆಳಕ್ಕೆ ಹೋಗಿತ್ತು. ಕಾಲು ಊರಿ ಎರಡೂ ಕೈಯಿಂದ ಎಳೆದೆ. ಕಾಂಡ ಮುರಿದು ಹಾಲು ಮುಖಕ್ಕೆ ಸಿಡಿಯಿತು. ಉರಿಯಲಿಲ್ಲ, ಆದ್ದರಿಂದ ಸೆರಗಿನಿಂದ ಒರೆಸಿಕೊಂಡು ಉಳಿದ ಬೇರನ್ನೂ ಅಗೆದು ತೆಗೆದೆ. ಮರುದಿನ ಎದ್ದರೆ ಮನೆಯೆಲ್ಲ ಹಾಲಿನಲ್ಲಿ ಅದ್ದಿದ ಹಾಗೆ ಬೆಳ್ಳಗೆ. ಎಡಗಣ್ಣು ಬೇಗ ತಿಳಿಯಾಗುತ್ತದೆ, ಬಲಗಣ್ಣಿನ ಮಾತು ಈಗಲೇ ಹೇಳಲಾಗದು ಎಂದು ದವಾಖಾನೆಯ ಡಾಕ್ಟರು ಹೇಳಿದ್ದಾರೆ.

ಭಾಲ್ಕಿಯಿಂದ ಬಂದವರು ನನ್ನನ್ನು ನೋಡುವ ಮೊದಲು ಆ ಗುಂಡಿಯನ್ನು ನೋಡಿದರಂತೆ. ಅಲ್ಲೇ ನೆಲದ ಮೇಲೆ ಕೂತುಬಿಟ್ಟರು ಎಂದು ಕರೀಮ ಸಾಬರು ಹೇಳಿದರು. ಅಂದಿನಿಂದ ಕಚೇರಿಗೆ ಹೋಗಿಲ್ಲ. ನನ್ನ ಉಸಿರು ಆಡುತ್ತಿದೆಯೇ ಎಂದು ಮೂಗಿನ ಹತ್ತಿರ ಬೆರಳು ಹಿಡಿಯುತ್ತಾರೆ. "ಕಣ್ಣಿಗಿ ಬ್ಯಾನಿ ಆದ್ರ ಮೂಗ ಯಾಕ ನೋಡ್ತೀರಿ?" ಎಂದರೆ ಬೆರಳು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಇವರಿಗೆ ನನ್ನ ಮೇಲೆ ಇಷ್ಟು ಜೀವ ಇದೆ ಎಂದು ಗೊತ್ತಿರಲಿಲ್ಲ ಅಕ್ಕ. ಇದನ್ನು ಬರೆಯಲು ಒಪ್ಪುತ್ತಿಲ್ಲ, ಬರೆಯಿರಿ ಎಂದಿದ್ದೇನೆ.

ತಿರುಗಾಡುವುದನ್ನು ಬಿಟ್ಟಿಲ್ಲ. ಕೈ ಹಿಡಿದು ನಡೆಸುತ್ತಾರೆ, ನಾನು ಮರಗಳನ್ನು ಹೇಳುತ್ತೇನೆ. ಹುಣಸೆಯ ಕೆಳಗೆ ಬಂದರೆ ಬೆನ್ನಿಗೆ ತಂಪು. ಮುಂದೆ ಅರಳಿ, ಗಾಳಿ ಇಲ್ಲದಿದ್ದರೂ ಅದರದು ಪಿಸುಮಾತು. ಮುನ್ಸೀಫರ ಮಾಲಿ ಬೇಲಿ ಕತ್ತರಿಸಿದ ದಿನ ಹಸಿ ಮೆಹಂದಿಯ ವಾಸನೆ. ಇದುವರೆಗೆ ಒಂದೇ ತಪ್ಪು ಹೇಳಿದ್ದೇನೆ.

ಆ ಹಸಿರು ಖಣವನ್ನು ಕೇಳಿದೆ. ಭಾಲ್ಕಿಯಲ್ಲೇ ಬಿಟ್ಟು ಬಂದರಂತೆ. ಇಷ್ಟು ಹೇಳಿದ ಮೇಲೆ ಲೇಖನಿಯ ಸದ್ದು ನಿಂತಿತ್ತು. ಈಗ ಮತ್ತೆ ಶುರುವಾಯಿತು.

ಮಂದಾ

ಇಲ್ಲಿಂದ ಕೆಳಗೆ ನನ್ನದು. ಅವಳು ಕೂತಿದ್ದಾಳೆ, ನಾನು ವಿಳಾಸ ಬರೆಯುತ್ತಿದ್ದೇನೆ ಎಂದು ತಿಳಿದಿದ್ದಾಳೆ. ಅಕ್ಕಾವ್ರೆ, ನೀರು ಯಾಕೆ ಹಾಕುತ್ತೀರಿ ಎಂದು ಕೇಳಿದ್ದಿರಿ. ಒಣಗಲಿ ಎಂದು ಬಿಡಲು ನನ್ನಿಂದ ಆಗಲಿಲ್ಲ. ಗಿಡವಾದರೂ ತಾಳಿ ಕಟ್ಟಿದ್ದೆ. ಇಬ್ಬರು ನನ್ನ ಕಣ್ಣ ಮುಂದೆ ಹೋದರು, ಮೂರನೆಯದಾದರೂ ಉಳಿಯಲಿ ಎಂದು ನೀರು ಹಾಕಿದೆ. ಅದು ಸಾಯಬೇಕಿತ್ತು, ನಾನು ಬದುಕಿಸಿದೆ, ಈಗ ಇವಳ ಕೈಯಿಂದ ಸತ್ತು ಇವಳ ಮೇಲೆ ತಿರುಗಿದೆ. ಡಾಕ್ಟರು ಕಣ್ಣಿನ ಮಾತಾಡುತ್ತಾರೆ, ನನಗೆ ಜೀವದ ಭಯ. ಪುತಳಾಳ ಮಾತು ಈಗ ಹ್ಯಾಗೆ ಹೇಳಲಿ? ಕಣ್ಣು ಕಟ್ಟಿದವಳಿಗೆ ಆ ಮಾತು ಬಿಟ್ಟು ನೋಡಲು ಬೇರೆ ಏನೂ ಇರುವುದಿಲ್ಲ.
ನರಸಿಂಗ

•

ಔರಾದ
೧೬ ಅಕ್ಟೋಬರ್ ೧೯೫೬

ನರಸಿಂಗರಾವ ಅವರೇ, ಇದು ಮಂದಾಗೆ ಬರೆದದ್ದು. ನೀವೇ ಓದಿ ಹೇಳಬೇಕು. ಒಂದು ಸಾಲನ್ನೂ ಬಿಡಬೇಡಿ.

ಮಂದಾ,

ದಸರೆ ಮುಗಿಯಿತು. ದಸರೆಯೊಳಗೆ ನಿನಗೆ ತಿಳಿಯಬೇಕಾದ ಮಾತೊಂದು ಇತ್ತು. ನಿನ್ನ ಗಂಡನಿಗೆ ಹೇಳಲು ಆಗಲಿಲ್ಲ, ಅವರನ್ನು ದೂರುವ ಮುಖ ನನಗಿಲ್ಲ.

ಕೇಶರಬಾಯಿ ಹೋಗಿ ನಾಲ್ಕು ವರ್ಷಕ್ಕೆ ಅವರು ಹಲಬರ್ಗಾದ ಪುತಳಾಬಾಯಿಯನ್ನು ಮದುವೆಯಾದರು. ಹತ್ತೊಂಬತ್ತು ವರ್ಷದವಳು. ಹತ್ತು ತಿಂಗಳಿಗೆ ವಿಷಮಜ್ವರ ಬಂದ ಹುಡುಗಿ ಹದಿನೇಳನೆಯ ದಿನ ಹೋದಳು. ನೀನು ಎರಡನೆಯವಳಲ್ಲ. ನೀನು ಕಂಡ ಎರಡನೆಯ ಖಣ ಅವಳ ಹೆಸರಿನದು. ನೀನು ಕಿತ್ತ ಎಕ್ಕೆಗೆ ನಿನ್ನ ಲಗ್ನದ ಹಿಂದಿನ ದಿನ ಅವರು ತಾಳಿ ಕಟ್ಟಿದ್ದರು. ಮೂರನೆಯವಳಿಗೆ ಬರುವ ಕೇಡು ಗಿಡಕ್ಕೆ ಹೋಗಲಿ, ನೀನು ಬದುಕಬೇಕು ಎಂದು.

ಇದನ್ನೆಲ್ಲ ಅವರು ಯುಗಾದಿಗೇ ನಿನಗೆ ಹೇಳಬೇಕೆಂದಿದ್ದರು. ತಡೆದವಳು ನಾನು. "ಹೇಳಿದ್ರ ಲಗ್ನ ಮುರೀತದ" ಎಂದೆ. ಅವರು ಎರಡನೆಯ ಸಲ ಕೇಳಿದಾಗ ಕೇಶರಬಾಯಿಯ ಮಾತನ್ನು ನಾನೇ ನಿನಗೆ ಹೇಳಿ ಅಲ್ಲಿಗೆ ನಿಲ್ಲಿಸಿದೆ. ನಿನ್ನನ್ನು ದಡ ಸೇರಿಸುವ ಅವಸರದಲ್ಲಿ ನಿನ್ನನ್ನು ಕೇಳುವುದನ್ನೇ ಬಿಟ್ಟೆ. ನೀನು ಓದಿದವಳು, ಕೇಳಿದ್ದರೆ ಒಪ್ಪುತ್ತಿದ್ದೆಯೋ ಏನೋ. ಆ ಅವಕಾಶವನ್ನು ನಿನಗೆ ಕೊಡದವಳು ನಾನು, ಅವರಲ್ಲ.

ಬೈಯಬೇಕಾದರೆ ನನ್ನನ್ನು ಬೈ.

ಸುಭದ್ರಾ

•

ಬೀದರ
೮ ನವೆಂಬರ್ ೧೯೫೬

ಅಕ್ಕ,

ಎಡಗಣ್ಣಿನ ಪಟ್ಟಿ ಬಿಚ್ಚಿದ್ದಾರೆ. ಅಕ್ಷರ ದೊಡ್ಡದಾಗಿದ್ದರೆ ಸಾಲು ಓರೆಯಾಗುವುದಿಲ್ಲ. ಬಲಗಣ್ಣಿನಲ್ಲಿ ಇನ್ನೂ ಮಂಜು.

ನಿನ್ನ ಪತ್ರವನ್ನು ಇವರು ಓದಿದರು. ಕಚೇರಿಯ ಹುಕುಂ ಓದುವ ದನಿಯಲ್ಲಿ, ಮೊದಲಿನಿಂದ ಕೊನೆಯವರೆಗೆ. ನಡುವೆ ಎರಡು ಸಲ ನೀರು ಕುಡಿದರು. ಓದಿ ಮುಗಿಸಿ ಹೊರಗೆ ಹೋದರು. ನಾನು ಅಳಲಿಲ್ಲ, ಪಟ್ಟಿ ಒದ್ದೆಯಾಗಬಾರದು ಎಂದು ಡಾಕ್ಟರು ಹೇಳಿದ್ದರು.

ಪುತಳಾಬಾಯಿ ಇದ್ದಳು ಎಂಬುದಕ್ಕೆ ನನಗೆ ಸಿಟ್ಟಿಲ್ಲ. ಮರದ ಕೆಳಗೆ ನಿಂತು, ಮಾತಾಡಿರಿ ಎಂದು ಕೇಳಿದೆನಲ್ಲ, ಆಗಲೂ ಮಳೆ ಬರುತ್ತದೆ ಎಂದರಲ್ಲ, ಅದು ಮರೆಯುತ್ತಿಲ್ಲ. ನಿನಗೂ ಹೇಳದೆ ಲಗ್ನ ಮಾಡಿಕೊಂಡರು. "ನನಗೂ ಗೊತ್ತಿರಲಿಲ್ಲ ಮಂದಾ, ಲಗ್ನ ಆದ ಮೇಲೆ ತಿಳಿಯಿತು, ನಾನೂ ಮೋಸ ಹೋದೆ" ಎಂದು ನೀನು ಬರೆದ ಸಾಲು ಬಂದಾಗ ಪಟ್ಟಿಯ ಹಿಂದೆಯೂ ನಿನ್ನ ಮುಖವೇ ಕಂಡಿತು. ನನ್ನ ಹುಚ್ಚು ಪತ್ರಗಳನ್ನು ಓದುವಾಗ ನಿನಗೆ ಹೇಗಾಗಿರಬೇಡ.

ಮೊದಲನೆಯ ತಾರೀಖಿಗೆ ನಾವು ಮೈಸೂರು ರಾಜ್ಯದವರಾದೆವು. ಕಚೇರಿಯಲ್ಲಿ ಬುಂದಿ ಹಂಚಿದರಂತೆ, ಇವರು ಪೊಟ್ಟಣ ತಂದು ಪಡಸಾಲೆಯಲ್ಲಿಟ್ಟರು. ಇರುವೆ ಮುತ್ತಿತು. ಮೊದಲ ದೀಪಾವಳಿ, ತವರಿಗೆ ಬರಬೇಕಿತ್ತು, ಪಟ್ಟಿ ಕಟ್ಟಿಕೊಂಡು ಇಲ್ಲೇ ಕೂತೆ. ತಿರುಗಾಡಲು ಹೋಗುತ್ತಿಲ್ಲ.

ಭಾವನವರನ್ನು ಕಳಿಸು. ಬಂದರೆ ಹಬ್ಬಕ್ಕೆ ಬಂದ ಹಾಗಲ್ಲ, ಇರಲಿಕ್ಕೇ ಬರುತ್ತೇನೆ. ಹುಲ್ಲು ಒಣಗಿದೆ, ಕರೀಮ ಸಾಬರಿಗೆ ಬರಬೇಡಿ ಎಂದಿದ್ದೇನೆ. ಇವರ ಜೊತೆ ಒಂದೇ ಸೂರಿನ ಕೆಳಗೆ ಇನ್ನು ಆಗುವುದಿಲ್ಲ. ನಾನು ನಂಬುವ ಜೀವ ಎಂದರೆ ಈಗ ನೀನೊಬ್ಬಳೇ.

ಮಂದಾ

•

ಔರಾದ
೧೪ ನವೆಂಬರ್ ೧೯೫೬

ಮಂದಾ,

ನಿನ್ನ ಪತ್ರವನ್ನು ಮೂರು ದಿನ ಉಡಿಯಲ್ಲಿಟ್ಟುಕೊಂಡು ತಿರುಗಿದೆ. ನಿಮ್ಮ ಭಾವ ಇವತ್ತಿನ ಬಸ್ಸಿಗೆ ಹೊರಟು ನಿಂತಿದ್ದರು, ರುಮಾಲು ಸುತ್ತಿಯಾಗಿತ್ತು. "ನಿಲ್ಲರಿ, ಒಂದ ಪತ್ರ ಬರೀತೇನಿ" ಎಂದೆ. "ಪತ್ರ ಬರಿಯಾಕಿ ನೀ, ಹೊಳ್ಳಿ ರುಮಾಲ ಬಿಚ್ಚಾಂವ ನಾ" ಎಂದು ಬೈದುಕೊಂಡು ಕೂತಿದ್ದಾರೆ.

ನಾನು ಸುಮ್ಮನಿದ್ದಿದ್ದರೆ ನೀನು ಇಲ್ಲಿಗೆ ಬರುತ್ತಿದ್ದೆ, ನನ್ನ ಮಡಿಲಲ್ಲಿ ತಲೆ ಇಡುತ್ತಿದ್ದೆ. ಮೂರು ದಿನ ಅದೇ ಆಸೆ ಇತ್ತು.

ನೀನು ಹೇಳುವ ಆ ಸಾಲನ್ನು ನಾನು ಬರೆದಿಲ್ಲ. ನನಗೆ ಎಲ್ಲ ಗೊತ್ತಿತ್ತು. ಈಗ ನಿನಗೆ ಒಂದು ಕಣ್ಣಿದೆ. ನನ್ನ ಪತ್ರವನ್ನು ಅವರಿಂದ ಕೇಳಿ ಇಸಿದುಕೋ. ನಿನ್ನ ಕಣ್ಣಿನಿಂದ ನೀನೇ ಓದು. ಆಮೇಲೂ ಬರುವುದಾದರೆ ಬರೆ, ಭಾವ ಬರುತ್ತಾರೆ.

ಸುಭದ್ರಾ

•

ಬೀದರ
೧೬ ಡಿಸೆಂಬರ್ ೧೯೫೬

ಸುಭದ್ರಕ್ಕನಿಗೆ,

ಓದಿದೆ. ಟ್ರಂಕಿನ ತಳದಲ್ಲಿ ಇವರ ಲಗ್ನದ ಧೋತರದಲ್ಲಿ ಸುತ್ತಿಟ್ಟಿದ್ದರು. "ತಡೆದವಳು ನಾನು" ಎಂದು ನೀನು ಬರೆದ ಜಾಗದಲ್ಲಿ ಇವರು ನೀರು ಕುಡಿದಿದ್ದರು. ಎರಡನೆಯ ಸಲ ನೀರು ಕುಡಿದದ್ದು "ನಾನು, ಅವರಲ್ಲ" ಎಂಬಲ್ಲಿ. ಎರಡೂ ಕಡೆ ಕ್ಷಣದಲ್ಲಿ ಬೇರೆ ಮಾತು ಕಟ್ಟಿ ಓದಿದ್ದಾರೆ. ಕನ್ನಡ ಬರೆಯಲು ತಡವರಿಸುವ ಮನುಷ್ಯ.

"ಯಾಕ ಹಂಗ ಓದಿದ್ರಿ?" ಎಂದು ಕೇಳಿದೆ.

"ನಿನಗ ತವರ ಅಂದ್ರ ಅಕ್ಕಾವ್ರೊಬ್ರೇ ಅದಾರ. ಗಂಡನ ಮ್ಯಾಲಿನ ಸಿಟ್ಟು ಇಂದಿಲ್ಲ ನಾಳಿ ಇಳೀತದ. ತವರ ಹೋದ್ರ ಎಲ್ಲಿ ಹೋಗ್ತಿ?"

ಅವರು ಉಳಿಸಲು ನೋಡಿದ್ದು ನಿನ್ನನ್ನು. ಆ ತವರು ಉಳಿಯಲಿಲ್ಲ. ಸಂಕ್ರಾಂತಿಗೆ ಕರೆಯಬೇಡ, ಬರುವುದಿಲ್ಲ. ಎಂದಾದರೂ ಬರುತ್ತೇನೋ ಏನೋ, ಈಗ ನಿನ್ನ ಮುಖ ನೋಡಲು ನನಗೆ ಆಗುವುದಿಲ್ಲ. ಕೊನೆಗೆ ನೀನು ನಿಜ ಬರೆದೆ, ಅದು ನಿನಗೆ ಸುಲಭವಾಗಿರಲಿಲ್ಲ ಎಂದೂ ಗೊತ್ತು. ಗೊತ್ತಿದ್ದೂ ಆಗುತ್ತಿಲ್ಲ.

ಮತ್ತೆ ತಿರುಗಾಡಲು ಹೊರಟಿದ್ದೇವೆ. ಈಗ ಇವರು ನನ್ನ ಬಲಕ್ಕೆ ನಡೆಯುತ್ತಾರೆ. ಆ ಕಡೆ ನನಗೆ ಕಾಣುವುದಿಲ್ಲವೆಂದು ಅಲ್ಲಿರುವುದನ್ನೆಲ್ಲ ಹೇಳುತ್ತ ಹೋಗುತ್ತಾರೆ. "ಅರಳಿ ಬಂತು, ಹಣ್ಣೆಲಿ ಉದರ್ಯಾವ. ಮುನ್ಸೀಫರು ಕ್ರೋಟನ್ ಕುಂಡಗಳಿಗಿ ಕೆಮ್ಮಣ್ಣ ಹಚ್ಚಿಸ್ಯಾರ. ಬೇವಿನ ಟೊಂಗಿಗೆ ಗಿಳಿ ಕೂತದ, ಒಂದಲ್ಲ, ಎರಡ." ಮರದ ಕೆಳಗೆ ನಿಂತು ಪುತಳಾಬಾಯಿಯ ಮಾತನ್ನೂ ಆಡುತ್ತಾರೆ. ಅವಳ ಉಡಿಯಲ್ಲಿ ಯಾವಾಗಲೂ ಹುಣಸೆಕಾಯಿ ಇರುತ್ತಿತ್ತಂತೆ, ಅತ್ತೆ ಬೈದರೆ ಇನ್ನೊಂದು ಕಚ್ಚುತ್ತಿದ್ದಳಂತೆ. ಕೇಶರಬಾಯಿ ಹಾಡಿಕೊಳ್ಳುತ್ತ ಬೀಸುತ್ತಿದ್ದಳಂತೆ. ಇಬ್ಬರೂ ನನಗೆ ಈಗ ಮುಖ ಕಂಡವರಂತೆ ಆಗಿದ್ದಾರೆ.

ಇವರು ಈಗ ನಿದ್ದೆ ಮಾಡುತ್ತಾರೆ. ನನ್ನ ಮೂಗಿನ ಹತ್ತಿರ ಬೆರಳು ಹಿಡಿಯುವುದು ನಿಂತಿದೆ. ಕರೀಮ ಸಾಬರಿಗೆ ಹೇಳುತ್ತಿದ್ದುದು ಕೇಳಿಸಿತು: "ಜೀವಕ್ಕ ಬಂದದ್ದು ಒಂದ ಕಣ್ಣಿಗಿ ಹೋತು ನೋಡ್ರಿ. ಇನ್ನ ಭಯ ಇಲ್ಲ." ಏಳು ವರ್ಷದಲ್ಲಿ ಇವರು ಹೀಗೆ ಗಟ್ಟಿಯಾಗಿ ಮಾತಾಡಿದ್ದನ್ನು ಕಂಡಿಲ್ಲ ಎಂದು ಮೊನ್ನೆ ಬಂದ ಅತ್ತೆ ಹೇಳಿದರು.

ಹದಿನೈದು ದಿನದ ಹಿಂದೆ, ಬೇವಿನ ಕೆಳಗೆ ಇವರು ಗಿಳಿಯನ್ನು ತೋರಿಸುವಾಗ, ನಾನು ಎಡಗಣ್ಣಿಗೆ ಸೆರಗು ಅಡ್ಡ ಹಿಡಿದೆ. ಬಲಗಣ್ಣಿಗೆ ಬೇವಿನ ಎಲೆಯ ಕಚ್ಚು ಕಚ್ಚು ಅಂಚು ಕಂಡಿತು. ಗಿಳಿಗಳು ಎರಡಲ್ಲ, ಮೂರಿದ್ದವು. ಒಂದು ಎಲೆಗಳ ಒಳಗೆ ಕೂತಿತ್ತು, ಅವರಿಗೆ ಕಂಡಿರಲಿಲ್ಲ. ಮರುದಿನ ದವಾಖಾನೆಗೆ ಒಬ್ಬಳೇ ಹೋದೆ. ಅದು ಬರಿ ಗಿಡದ ಹಾಲಿನ ವಿಷ, ಇಳಿದು ಹೋಗಿದೆ, ಕಣ್ಣು ಪೂರಾ ತಿಳಿಯಾಗಿದೆ ಎಂದು ಡಾಕ್ಟರು ಹೇಳಿದರು.

ಮನೆಗೆ ಬಂದು ಇವರಿಗೆ, ಬಲಗಣ್ಣು ವಾಸಿಯಾಗುವುದಿಲ್ಲವಂತೆ ಎಂದೆ. ಕಣ್ಣು ಮರಳಿತು ಎಂದು ತಿಳಿದ ದಿನ ಅವರಿಗೆ ನನ್ನ ಜೀವದ ಭಯವೂ ಮರಳುತ್ತದೆ. ನಾನು ಕಲಿತ ಶಾಲೆಯ ಯಾವ ಮಾತಿಗೂ ಆ ಭಯ ಹೋಗುವುದಿಲ್ಲ. ಆದ್ದರಿಂದ ಅವರು ಬಲಕ್ಕೆ ನಡೆಯಲಿ, ಎರಡು ಗಿಳಿ ಎಂದರೆ ಎರಡೇ ಇರಲಿ.

ಇದು ನಿನ್ನೊಬ್ಬಳಿಗೇ ಗೊತ್ತು. ಯಾರಿಗೂ ಹೇಳಬೇಡ. ಮುಚ್ಚಿಡುವುದು ನಿನಗೆ ಬರುತ್ತದೆ.

ಮಂದಾಕಿನಿ